ಸಕ್ಕರೆ ಕಾಯಿಲೆ: ಪಥ್ಯದ ಲೆಕ್ಕ ತಪ್ಪುವುದೆಲ್ಲಿ?

ನಮ್ಮ ಸಂಘದ ಉಚಿತ ವೈದ್ಯಕೀಯ ತಪಾಸಣಾ ಶಿಬಿರದಲ್ಲಿ ಹೆಸರು ನೋಂದಾಯಿಸುವ ಕೆಲಸ ಪ್ರತಿವರ್ಷ ನನ್ನ ಪಾಲಿಗೇ ಬರುತ್ತದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನಿಗೆ ಅಂಕಿ ಬರೆಯಲು ಬೇಸರವಿರದು ಎಂಬುದು ನಮ್ಮ ಪದಾಧಿಕಾರಿಗಳ ನಂಬಿಕೆ. ಹೆಸರು, ವಯಸ್ಸು, ತೂಕ, ರಕ್ತದೊತ್ತಡ, ಕೊನೆಯಲ್ಲಿ ಬೆರಳ ತುದಿ ಚುಚ್ಚಿ ನೋಡಿದ ಸಕ್ಕರೆಯ ಪ್ರಮಾಣ. ಸಭಾಗೃಹದ ಒಂದು ಬದಿಯಲ್ಲಿ ನಮ್ಮ ಮೇಜು, ಇನ್ನೊಂದು ಬದಿಯಲ್ಲಿ ಉಪಾಹಾರದ ಮೇಜು. 260 ಎಂದು ಬರೆಸಿಕೊಂಡ ಮಹನೀಯರು ಬೆರಳಿಗೆ ಹತ್ತಿ ಒತ್ತಿ ಹಿಡಿದುಕೊಂಡೇ ಎದುರಿನ ಸಾಲಿಗೆ ಹೋಗಿ ಶೀರಾ, ಉಪ್ಪಿಟ್ಟು, ಬನ್ಸ್ ಹಾಕಿಸಿಕೊಳ್ಳುವುದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿದ್ದೇನೆ. "ಇವತ್ತು ಒಂದು ದಿನ ಅಲ್ಲವೇ ಮಾರಾಯ್ರೇ" ಎಂದು ನನ್ನ ಕಡೆ ನೋಡಿ ನಗುತ್ತಾರೆ. ನಾನೂ ನಗುತ್ತೇನೆ. ಯಾಕೆಂದರೆ ನನ್ನ ಪಾಲಿನ ಶೀರಾವನ್ನು ಅಷ್ಟರಲ್ಲಿ ಯಾರೋ ತಂದು ರಿಜಿಸ್ಟರಿನ ಪಕ್ಕದಲ್ಲೇ ಇಟ್ಟಿರುತ್ತಾರೆ.

ನವೆಂಬರ್ 14 ವಿಶ್ವ ಮಧುಮೇಹ ದಿನ. 1921ರಲ್ಲಿ ಇನ್ಸುಲಿನ್ ಕಂಡುಹಿಡಿದವರಲ್ಲಿ ಮುಖ್ಯರಾದ ಕೆನಡಾದ ಫ್ರೆಡರಿಕ್ ಬ್ಯಾಂಟಿಂಗ್ ಅವರ ಜನ್ಮದಿನವದು. ಆ ನೆಪದಲ್ಲಿ 2023ರಲ್ಲಿ ನಮ್ಮ ಶಿಬಿರ ದೀಪಾವಳಿ ಕಳೆದ ಮರುವಾರ ನಡೆಯಿತು. ಹಬ್ಬದ ಸಿಹಿಯೆಲ್ಲ ಅಂಕಿಯಾಗಿ ನನ್ನ ಪುಸ್ತಕಕ್ಕೆ ಇಳಿಯುತ್ತಿತ್ತು. ನನ್ನ ಅತ್ತಿಗೆ ಅಂದು ಮಹಿಳಾ ವಿಭಾಗದವರೊಂದಿಗೆ ಬನ್ಸ್ ಕರಿಯುತ್ತಿದ್ದರು. ಹನ್ನೆರಡರ ಸುಮಾರಿಗೆ ಸಾಲು ಕರಗಿದಾಗ "ನೀವೂ ಒಮ್ಮೆ ನೋಡಿಸಿಕೊಳ್ಳಿ ಅತ್ತಿಗೆ" ಎಂದು ನಾನೇ ಕರೆದೆ. ಸೆರಗಿಗೆ ಕೈ ಒರೆಸಿಕೊಂಡು ಬಂದು ಕುಳಿತರು. ಯಂತ್ರ 340 ಎಂದಿತು. ದಾದಿ ಅನುಭವಸ್ಥೆ. "ಬಾಳೆಹಣ್ಣು, ಸಕ್ಕರೆಯ ಹಿಟ್ಟು ಮುಟ್ಟಿದ ಕೈ, ಬೆರಳಿನಲ್ಲಿ ಸಕ್ಕರೆ ಇದ್ದರೆ ಅಂಕಿ ಹೆಚ್ಚು ಬರುತ್ತದೆ, ಸಾಬೂನು ಹಾಕಿ ತೊಳೆದು ಬನ್ನಿ" ಎಂದರು. ತೊಳೆದು ಬಂದು ಇನ್ನೊಂದು ಬೆರಳು ಕೊಟ್ಟರು. 312.

"ಅವರ ಹತ್ತಿರ ಈಗ ಹೇಳಬೇಡ ಮಾರಾಯ, ಮೊದಲು ಊಟ ಆಗಲಿ" ಎಂದು ಅತ್ತಿಗೆ ಮತ್ತೆ ಒಲೆಯ ಬಳಿಗೆ ಹೋದರು.

"ಅವರು" ಎಂದರೆ ನನ್ನ ಅಣ್ಣ. ಹದಿನಾಲ್ಕರ ಹರೆಯದಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು ಹೊಟೇಲಿನಲ್ಲಿ ತಟ್ಟೆ ತೊಳೆದು, ಸಪ್ಲೈಯರ್ ಆಗಿ, ಕೊನೆಗೆ ಗಲ್ಲಾದಲ್ಲಿ ಕುಳಿತವನು. ನನ್ನನ್ನು ಊರಿನಿಂದ ಕರೆಸಿಕೊಂಡು, ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸುವವರೆಗೆ ಇರಲು ಜಾಗ, ಉಣ್ಣಲು ಅನ್ನ ಕೊಟ್ಟವನೂ ಅವನೇ. ಅವನಿಗೆ ಸಕ್ಕರೆ ಕಾಯಿಲೆ ಪತ್ತೆಯಾದದ್ದು 2005ರಲ್ಲಿ. ಅಂದಿನಿಂದ ಹದಿನೆಂಟು ವರ್ಷ ಅತ್ತಿಗೆ ಅವನಿಗಾಗಿ ಬೇರೆ ಪಾತ್ರೆಯಲ್ಲಿ ಬೇರೆ ಅಡುಗೆ ಮಾಡಿದವರು. ಪಥ್ಯ ಎಂದರೇನೆಂದು ನಮ್ಮ ಬಳಗದಲ್ಲಿ ಅವರಿಗಿಂತ ಚೆನ್ನಾಗಿ ತಿಳಿದವರು ಇನ್ನೊಬ್ಬರಿಲ್ಲ ಎಂದರೆ ತಪ್ಪಾಗಲಾರದು.

ಹಾಗಾದರೆ ಲೆಕ್ಕ ತಪ್ಪಿದ್ದೆಲ್ಲಿ? ನಾನು ವೈದ್ಯನಲ್ಲ. ಆದರೆ ಸಂಜೆ ಕ್ಯಾಶ್ ತಾಳೆಯಾಗದಿದ್ದರೆ ಎಲ್ಲಿ ತಪ್ಪಿದೆಯೆಂದು ಹುಡುಕುತ್ತಾ ಕೂರುವುದು ಮೂರು ದಶಕಗಳ ಅಭ್ಯಾಸ. ಈ ಲೆಕ್ಕವನ್ನೂ ಹಾಗೆಯೇ ಕುಳಿತು ನೋಡಿದ್ದೇನೆ.

ಅಣ್ಣ ಪಥ್ಯ ಮಾಡಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಕಾಯಿಲೆ ತಿಳಿದ ಮರುದಿನವೇ ಚಹಾದ ಸಕ್ಕರೆ ಬಿಟ್ಟ. ಹೋಳಿಗೆ ಬಿಟ್ಟ, ಪಾಯಸ ಬಿಟ್ಟ, ರಾತ್ರಿ ಅನ್ನ ಬಿಟ್ಟು ಚಪಾತಿಗೆ ಬಂದ. ನಮ್ಮವರಲ್ಲಿ ಬಹುತೇಕರು ಮಾಡುವುದೂ ಇದನ್ನೇ. ಈಗ ಚಿಕ್ಕದೊಂದು ಲೆಕ್ಕ. ಒಂದು ಚಮಚ ಸಕ್ಕರೆಯ ತೂಕ ಸುಮಾರು 5 ಗ್ರಾಂ. ಮಧ್ಯಮ ಗಾತ್ರದ ಒಂದು ಚಪಾತಿಯಲ್ಲಿರುವ ಪಿಷ್ಟ ಸುಮಾರು 20 ಗ್ರಾಂ. ಒಂದು ಸಣ್ಣ ಬಟ್ಟಲು ಅನ್ನದಲ್ಲಿ ಸುಮಾರು 40 ಗ್ರಾಂ. ಹೊಟ್ಟೆಗೆ ಹೋದ ಪಿಷ್ಟ ಕೊನೆಗೆ ಸಕ್ಕರೆಯಾಗಿಯೇ ರಕ್ತಕ್ಕೆ ಸೇರುತ್ತದೆ. ಮೂರು ಚಹಾದಲ್ಲಿ 15 ಗ್ರಾಂ ಉಳಿಸಿದ ಅಣ್ಣ ರಾತ್ರಿ ಐದು ಚಪಾತಿ ತಿಂದು 100 ಗ್ರಾಂ ಸೇರಿಸುತ್ತಿದ್ದ. ಜೊತೆಗೆ ಬಟಾಟೆ ಭಾಜಿ. "ಅನ್ನ ಮುಟ್ಟಿಲ್ಲ" ಎಂಬ ಸಮಾಧಾನ ಬೇರೆ. ಎರಡು ಚಪಾತಿ ಒಂದು ಬಟ್ಟಲು ಅನ್ನಕ್ಕೆ ಸಮವೆಂಬ ವಿನಿಮಯ ದರವನ್ನು ಅವನಿಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ನಾವು ಹೆಸರಿನ ಪಥ್ಯವನ್ನು ಪಾಲಿಸುತ್ತೇವೆ, ಅಳತೆಯ ಪಥ್ಯವನ್ನು ಪಾಲಿಸುವುದಿಲ್ಲ. ನನ್ನ ಮಟ್ಟಿಗೆ ಇದೇ ಮೂಲ ತಪ್ಪು. "ಇದು ತಿನ್ನಬಾರದು" ಎಂದರೆ ನಮಗೆ ಅರ್ಥವಾಗುತ್ತದೆ. ಏಕಾದಶಿ, ಸಂಕಷ್ಟಿ ಮಾಡಿ ಬೆಳೆದವರು ನಾವು. "ಇದನ್ನು ಇಷ್ಟೇ ತಿನ್ನಬೇಕು" ಎಂದರೆ ಅದು ಕಿವಿಗೆ ಬೀಳುವುದಿಲ್ಲ. ಎಷ್ಟು ಅನ್ನ ಉಂಡಿರಿ ಎಂದು ಕೇಳಿದರೆ ಎಲ್ಲರ ಉತ್ತರವೂ "ಸ್ವಲ್ಪ". ಈ ಸ್ವಲ್ಪ ಎಂಬ ಮೊತ್ತವನ್ನು ಯಾವ ಲೆಡ್ಜರಿನಲ್ಲೂ ಬರೆಯಲಾಗದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಚೆನ್ನೈಯ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ನೂ ಸೇರಿ ನಡೆಸಿದ ದೇಶವ್ಯಾಪಿ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿ. ಅತಿ ಹೆಚ್ಚು ಕಂಡುಬಂದದ್ದು ನಮ್ಮ ಕರಾವಳಿಗೆ ತಾಗಿಕೊಂಡೇ ಇರುವ ಗೋವಾದಲ್ಲಿ, ಶೇಕಡಾ 26.4. ಅದೇ ಸಮೀಕ್ಷೆಯ ಆಹಾರದ ಭಾಗ 2025ರಲ್ಲಿ ಹೊರಬಂತು. ಭಾರತೀಯರ ಆಹಾರದ ಶಕ್ತಿಯಲ್ಲಿ ಸುಮಾರು ಶೇಕಡಾ 62 ಬರುವುದು ಅನ್ನ, ರೊಟ್ಟಿ, ಸಕ್ಕರೆಯಂಥ ಪಿಷ್ಟ-ಸಕ್ಕರೆ ಪದಾರ್ಥಗಳಿಂದ. ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದ ಮಾತ್ರಕ್ಕೆ ಅಪಾಯ ಇಳಿಯುವುದಿಲ್ಲ, ಒಟ್ಟು ಪಿಷ್ಟವನ್ನು ತಗ್ಗಿಸಿ ಬೇಳೆಕಾಳು, ಹಾಲು-ಮೊಸರಿನಂಥದ್ದನ್ನು ಹೆಚ್ಚಿಸಬೇಕು ಎಂಬುದು ಅದರ ಮುಖ್ಯ ಮಾತು. ಇದನ್ನು ಓದಿದ ದಿನ ನನಗೆ ಅಣ್ಣನ ಐದು ಚಪಾತಿ ನೆನಪಾಯಿತು. ನಮ್ಮ ಊರಿನ ಕುಚ್ಚಲಕ್ಕಿಗೂ ಇದೇ ಮಾತು. ಬೆಳ್ತಿಗೆಗಿಂತ ಅದು ತುಸು ನಿಧಾನವಾಗಿ ಜೀರ್ಣವಾಗುತ್ತದೆ ನಿಜ. ಆದರೆ "ಕುಚ್ಚಲಕ್ಕಿ ಅಲ್ಲವೇ" ಎಂದು ಮೂರು ಸೌಟು ಹಾಕಿಸಿಕೊಂಡರೆ ಆ ನಿಧಾನದ ಲಾಭ ಎರಡನೇ ಸೌಟಿಗೇ ಮುಗಿದುಹೋಗುತ್ತದೆ.

ಇನ್ನು ನಮ್ಮ ಪ್ರಾಯಶ್ಚಿತ್ತಗಳು. ಬೆಳಿಗ್ಗೆ ಹಾಗಲಕಾಯಿ ರಸ, ರಾತ್ರಿ ನೆನೆಸಿದ ಮೆಂತ್ಯೆ. ಕಹಿ ನುಂಗಿದ್ದನ್ನು ಜಮೆ ಎಂದು ಬರೆದುಕೊಂಡು ಮಧ್ಯಾಹ್ನ ಧಾರಾಳವಾಗಿ ಖರ್ಚು ಮಾಡುತ್ತೇವೆ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದವರಿದ್ದಾರೆ. ರಕ್ತಕ್ಕೆ ಆ ಎರಡರಲ್ಲಿ ದೊಡ್ಡ ವ್ಯತ್ಯಾಸವೇನೂ ಕಾಣುವುದಿಲ್ಲ. ಶುಗರ್ ಫ್ರೀ ಬಿಸ್ಕತ್ತಿನಲ್ಲಿ ಮೈದಾ ಇರುತ್ತದೆ, ಶುಗರ್ ಫ್ರೀ ಬರ್ಫಿಯಲ್ಲಿ ಖರ್ಜೂರ ಇರುತ್ತದೆ. ಉಪವಾಸವಂತೂ ಮುಂಬಯಿಯಲ್ಲಿ ಹಬ್ಬದೂಟಕ್ಕಿಂತ ಕಠಿಣ. ಸಂಕಷ್ಟಿಯ ದಿನ ಕಚೇರಿಯಲ್ಲಿ ನಮ್ಮ ಮರಾಠಿ ಸಹೋದ್ಯೋಗಿಗಳು ಪ್ರೀತಿಯಿಂದ ಕೊಡುವ ಸಾಬುದಾಣಾ ಖಿಚಡಿ ಎಂದರೆ ಹೆಚ್ಚುಕಡಿಮೆ ಬರಿಯ ಪಿಷ್ಟ. ಅದಕ್ಕೆ ಬಟಾಟೆಯ ಸಾಥ್. ಉಪವಾಸ ಮಾಡಿ ಸಕ್ಕರೆ ಏರಿಸಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ.

ರಕ್ತ ಪರೀಕ್ಷೆಗೆ ಮೂರು ದಿನ ಮುಂಚೆ ಕಟ್ಟುನಿಟ್ಟಾಗಿ ಉಂಡು ಡಾಕ್ಟರರ ಶಹಭಾಸ್ ಪಡೆಯುವವರನ್ನು ನೋಡಿದರೆ ಆಡಿಟ್ ಬರುವ ಮುಂಚಿನ ರಾತ್ರಿ ಕುಳಿತು ಪುಸ್ತಕ ಸರಿಪಡಿಸುವ ಶಾಖೆಗಳು ನೆನಪಾಗುತ್ತವೆ. ಎಚ್‌ಬಿಎ1ಸಿ ಪರೀಕ್ಷೆ ಬಂದ ಮೇಲೆ ಈ ಆಟ ನಡೆಯುತ್ತಿಲ್ಲ. ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳಿಬಿಡುತ್ತದೆ. ಸಾಮಾನ್ಯವಾಗಿ 7ರ ಒಳಗೆ ಇರಬೇಕೆನ್ನುತ್ತಾರೆ. ಹಿರಿಯರಿಗೆ ಡಾಕ್ಟರರು ಸ್ವಲ್ಪ ಸಡಿಲ ಬಿಡುವುದೂ ಉಂಟು. ನನ್ನದು ಕಳೆದ ಬಾರಿ 7.8. ಹೌದು, 2019ರಿಂದ ನಾನೂ ಈ ಸಂಘದ ಆಜೀವ ಸದಸ್ಯ. ಮನೆಯಲ್ಲಿ ಹೆಂಡತಿ ಅಳೆದು ಬಡಿಸುತ್ತಾಳೆ. ಆರು ಗಂಟೆಗೆ ಸ್ಟೇಷನ್ನಿನ ಹೊರಗೆ ತಿಂದ ವಡಾಪಾವ್ ಅವಳ ಅಳತೆಗೆ ಸಿಗುವುದಿಲ್ಲ. "ನಾನು ಮಾಡುವ ಅಡುಗೆಯಲ್ಲೇ ಏನೋ ತಪ್ಪಿದೆ" ಎಂದು ಅವಳು ಆರು ತಿಂಗಳು ತಲೆ ಕೆಡಿಸಿಕೊಂಡದ್ದನ್ನು ನೋಡಿಯೂ ಬಾಯಿ ಬಿಡದೆ ಕುಳಿತಿದ್ದೆ. ನಾಚಿಕೆಯ ಸಂಗತಿಯೇ ಸರಿ.

ಅಣ್ಣನ ವಿಷಯ ಹೇಳುತ್ತಿದ್ದೆ. 2014ರ ಮೇ ತಿಂಗಳಲ್ಲಿ ಊರಿನ ದೇವಸ್ಥಾನದಲ್ಲಿ ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬಂದ. ಜೊತೆಗಿದ್ದ ನಾವೆಲ್ಲ ಕುಣಿಯುತ್ತಾ ಓಡಿ ನೆರಳು ಸೇರಿದೆವು. ಅವನು ಮಾತ್ರ ಸಾವಧಾನವಾಗಿ ನಡೆದು ಬಂದ. ಭಕ್ತಿ ಎಂದುಕೊಂಡೆವು. ಬಹುಕಾಲ ಸಕ್ಕರೆ ಏರಿಯೇ ಇದ್ದರೆ ಕಾಲಿನ ನರಗಳು ಸಂವೇದನೆ ಕಳೆದುಕೊಳ್ಳುತ್ತವೆ, ಸುಟ್ಟರೂ ತಿಳಿಯುವುದಿಲ್ಲ ಎಂಬುದು ಆಗ ನಮಗೆ ಗೊತ್ತಿರಲಿಲ್ಲ. ಎದ್ದ ಗುಳ್ಳೆ ಒಡೆದು ಕೀವಾಗಿ, ಮುಂಬಯಿಗೆ ಮರಳಿದ ಮೇಲೆ ಬಲಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಅವನು ನನ್ನ ಹತ್ತಿರ ಕೇಳಿದ್ದು ಒಂದೇ: "ಊರಲ್ಲಿ ಗಂಜಿಗೂ ತತ್ವಾರ ಇತ್ತು. ಹೊಟ್ಟೆ ತುಂಬ ಅನ್ನ ಸಿಗುತ್ತದೆ ಎಂದೇ ನಾನು ಈ ಊರಿಗೆ ಬಂದದ್ದು. ಈಗ ಅನ್ನ ಇದೆ, ಉಣ್ಣಬಾರದು ಅಂದರೆ ಏನರ್ಥ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪಥ್ಯ ಮಾಡದವರನ್ನು ನಾಲಗೆ ಚಪಲದವರು ಎಂದು ಬೈಯುವವರು ಇದನ್ನೊಮ್ಮೆ ಯೋಚಿಸಬೇಕು. ಹೊಟೇಲಿನಲ್ಲಿ ದುಡಿದವರ ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ, ರಾತ್ರಿಯದ್ದು ಗಿರಾಕಿಗಳೆಲ್ಲ ಹೋಗಿ ನೆಲ ಒರೆಸಿದ ಮೇಲೆ ಹನ್ನೆರಡಕ್ಕೆ. ಉಂಡ ಕೂಡಲೇ ಚಾಪೆ. ಮೂವತ್ತು ವರ್ಷ ಹೀಗೆ ಕಳೆದ ದೇಹಕ್ಕೆ "ಏಳೂವರೆಗೆ ಲಘು ಭೋಜನ" ಎಂದು ಚೀಟಿ ಬರೆದು ಕೊಟ್ಟರೆ ಅದು ಪಾಲನೆಯಾಗುವುದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಈ ಪಾಲನೆಯ ಬಗ್ಗೆಯೇ ಒಂದು ವರದಿ ತಂದಿತ್ತು. ದೀರ್ಘಕಾಲದ ಕಾಯಿಲೆಗಳಲ್ಲಿ ವೈದ್ಯರ ಸಲಹೆಯನ್ನು ಪಾಲಿಸುವವರು ಮುಂದುವರಿದ ದೇಶಗಳಲ್ಲಿಯೂ ಸರಾಸರಿ ಅರ್ಧದಷ್ಟೇ ಎಂದು ಅದು ಹೇಳಿತು. ಅಂದರೆ ಕೈಕೊಡುವವರು ನಾವು ಮಾತ್ರ ಅಲ್ಲ. ಆ ವರದಿಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಪಾಲನೆ ಎಂದರೇನು ಎಂಬ ಅದರ ವಿವರಣೆ. ಡಾಕ್ಟರು ಹೇಳಿದ್ದನ್ನು ಮಾಡುವುದಷ್ಟೇ ಪಾಲನೆಯಲ್ಲ. ಡಾಕ್ಟರು ಹೇಳಿ ರೋಗಿಯೂ ಒಪ್ಪಿದ ಸಲಹೆಗೆ ತಕ್ಕಂತೆ ನಡೆಯುವುದು ಪಾಲನೆ. ಒಪ್ಪಿಗೆಯ ಸಹಿ ಇಲ್ಲದ ಕರಾರು ಬ್ಯಾಂಕಿನಲ್ಲಿಯೂ ನಡೆಯುವುದಿಲ್ಲ. ಅಣ್ಣನನ್ನಾಗಲೀ ನನ್ನನ್ನಾಗಲೀ ಯಾರೂ "ಇದು ನಿಮ್ಮಿಂದ ಆದೀತೇ?" ಎಂದು ಕೇಳಿರಲಿಲ್ಲ.

ಅತ್ತಿಗೆಯ ಕತೆ ಇನ್ನೂ ಬೇರೆ. 312ರ ಮರುವಾರ ಡಾಕ್ಟರರಲ್ಲಿಗೆ ಹೋದೆವು. ಎಚ್‌ಬಿಎ1ಸಿ 9.6. ಮಾತ್ರೆಯ ಜೊತೆ ಮುದ್ರಿಸಿದ ಒಂದು ಪಥ್ಯದ ಹಾಳೆ ಸಿಕ್ಕಿತು. ಇಂಗ್ಲಿಷಿನಲ್ಲಿ. ಓಟ್ಸ್, ಬ್ರೋಕೋಲಿ, ಸಲಾಡ್, ಮೂಂಗ್ ಚಿಲ್ಲಾ. ನೀರುದೋಸೆ, ಗಂಜಿ, ಬಂಗುಡೆ ಸಾರು ಎಂಬವು ಜಗತ್ತಿನಲ್ಲಿ ಇವೆಯೆಂದೇ ಆ ಹಾಳೆಗೆ ಗೊತ್ತಿರಲಿಲ್ಲ. ಅತ್ತಿಗೆ ಕನ್ನಡದಲ್ಲಿ ಏಳನೇ ತರಗತಿ ಓದಿದವರು. ಹಾಳೆಯನ್ನು ನಾಲ್ಕು ಮಡಚಿ ದೇವರ ಪಟದ ಹಿಂದೆ ಇಟ್ಟರು. ಮನೆಯಲ್ಲಿ ಬೇರೇನೂ ಬದಲಾಗಲಿಲ್ಲ. ಅಣ್ಣನಿಗೆ ಎಂದಿನಂತೆ ಬೇರೆ ಪಾತ್ರೆ, ಮಗ-ಸೊಸೆಗೆ ಡಬ್ಬ, ಮೊಮ್ಮಗನಿಗೆ ದೋಸೆ. ಗಂಡನಿಗೆ ಶುಗರ್ ಬಂದರೆ ಹೆಂಡತಿ ಬೇರೆ ಅಡುಗೆ ಮಾಡುತ್ತಾಳೆ. ಹೆಂಡತಿಗೆ ಬಂದರೆ ಯಾರು ಮಾಡುತ್ತಾರೆ? ಸಭಿಕರಲ್ಲಿ ಈ ಪ್ರಶ್ನೆ ಕೇಳಿದರೆ ಗಂಡಸರ ಸಾಲು ಚಾವಣಿ ನೋಡುತ್ತದೆ.

ಮೂರು ತಿಂಗಳ ಬಳಿಕವೂ ಅಂಕಿ ಇಳಿಯದಿದ್ದಾಗ ಒಬ್ಬ ಆಹಾರ ತಜ್ಞೆಯ ಬಳಿಗೆ ಕರೆದುಕೊಂಡು ಹೋದೆ. ಎಳೆಯ ಪ್ರಾಯದ ಮರಾಠಿ ಹುಡುಗಿ. ಯಾವ ಹಾಳೆಯನ್ನೂ ಕೊಡಲಿಲ್ಲ. "ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿಂದಿರಿ, ಹೇಳಿ ಆಂಟಿ" ಎಂದು ಹಿಂದಿಯಲ್ಲಿ ಕೇಳಿ ಪೆನ್ನು ಹಿಡಿದು ಕುಳಿತಳು. ಅತ್ತಿಗೆ ಹೇಳುತ್ತಾ ಹೋದರು, ನಾನು ಪಕ್ಕದಲ್ಲಿ ಕುಳಿತು ಕೇಳುತ್ತಾ ಹೋದೆ. ಐದು ಗಂಟೆಗೆ ಒಂದು ಚಹಾ, ಡಬ್ಬ ಕಟ್ಟುವಾಗ ಒಂದು, ಎಲ್ಲರೂ ಹೋದ ಮೇಲೆ ಒಂದು. ಹೀಗೆ ದಿನಕ್ಕೆ ಆರು, ಪ್ರತಿಯೊಂದಕ್ಕೂ ಒಂದು ಚಮಚ ಸಕ್ಕರೆ. ಮೊಮ್ಮಗ ಬಿಟ್ಟ ಒಂದೂವರೆ ದೋಸೆ. ಹನ್ನೊಂದಕ್ಕೆ ನಿನ್ನೆ ಉಳಿದ ಅನ್ನಕ್ಕೆ ಮಜ್ಜಿಗೆ, ಉಪ್ಪಿನಕಾಯಿ. ಮೂರಕ್ಕೆ ಮಧ್ಯಾಹ್ನದ ಊಟ, ಅಷ್ಟು ಹೊತ್ತಿಗೆ ಪಲ್ಯ ಮುಗಿದಿರುತ್ತದೆ, ಅನ್ನ ಸಾರು ಇರುತ್ತದೆ. ರಾತ್ರಿ ಎಲ್ಲರದ್ದೂ ಆದ ಮೇಲೆ ಪಾತ್ರೆಯಲ್ಲಿ ಉಳಿದದ್ದು. "ಚೆಲ್ಲಲು ಮನಸ್ಸು ಬರುವುದಿಲ್ಲ" ಎಂದರು. ಹದಿನೆಂಟು ವರ್ಷ ಪಥ್ಯದ ಅಡುಗೆ ಮಾಡಿದವರ ಸ್ವಂತ ಊಟ ಇದು.

ಆ ಹುಡುಗಿ ಮುಖ ಸಿಂಡರಿಸಲಿಲ್ಲ. "ಇದರಲ್ಲಿ ಯಾವುದನ್ನು ಬಿಡಬಲ್ಲಿರಿ?" ಎಂದು ಕೇಳಿದಳು. ಬಹಳ ಹೊತ್ತು ಚೌಕಾಶಿ ನಡೆಯಿತು. ಬೆಳಗಿನ ಮೊದಲ ಚಹಾದ ಸಕ್ಕರೆ ಬಿಡಲಾರೆ ಎಂದು ಅತ್ತಿಗೆ ಪಟ್ಟು ಹಿಡಿದರು. ಅದು ಅರ್ಧ ಚಮಚಕ್ಕೆ ತೀರ್ಮಾನವಾಯಿತು. ಉಳಿದ ಚಹಾ ಎರಡೇ, ಸಕ್ಕರೆಯಿಲ್ಲದೆ. ತಂಗಳು ಅನ್ನ ಬೇಡ. ಅಕ್ಕಿ ಅಳೆಯುವ ಪಾವನ್ನೇ ಚಿಕ್ಕದು ಮಾಡಿ, ಉಳಿಯದಿದ್ದರೆ ಚೆಲ್ಲುವ ಪ್ರಶ್ನೆಯೇ ಇಲ್ಲ. ಮೂರನೆಯದು, ಎಲ್ಲರೊಂದಿಗೆ ಕುಳಿತು ಉಣ್ಣಬೇಕು, ಮೊದಲು ಪಲ್ಯ, ಮೀನು ಅಥವಾ ಬೇಳೆ, ಆಮೇಲೆ ಅಳೆದ ಒಂದು ಸೌಟು ಅನ್ನ. ತರಕಾರಿ, ಮೀನು ಮೊದಲು ತಿಂದು ಅನ್ನ ಕೊನೆಗೆ ಉಂಡರೆ ಸಕ್ಕರೆ ಅಷ್ಟೊಂದು ಜಿಗಿಯುವುದಿಲ್ಲವೆಂದು ಆಕೆ ವಿವರಿಸಿದಳು. ಅನ್ನ ಬಿಡಿ ಎಂದು ಮಾತ್ರ ಹೇಳಲಿಲ್ಲ. ನಾನು ಈ ಮೂರನ್ನೂ ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ಕೊಟ್ಟೆ. ಅದು ದೇವರ ಪಟದ ಹಿಂದೆ ಹೋಗಲಿಲ್ಲ, ಅಕ್ಕಿ ಡಬ್ಬದ ಮುಚ್ಚಳಕ್ಕೆ ಅಂಟಿಕೊಂಡಿತು. ಆರು ತಿಂಗಳಲ್ಲಿ 9.6 ಇದ್ದದ್ದು 8.1ಕ್ಕೆ ಬಂತು, ಕಳೆದ ವರ್ಷ 7.4. ಮಾತ್ರೆಯೂ ಇದೆ, ಸಂಜೆ ಕಟ್ಟಡದ ಅಂಗಳದಲ್ಲಿ ಹದಿನೈದು ನಿಮಿಷದ ನಡಿಗೆಯೂ ಇದೆ. ಎಲ್ಲ ಶ್ರೇಯಸ್ಸು ಪಥ್ಯದ್ದೇ ಎಂದು ನಾನು ಹೇಳುವುದಿಲ್ಲ.

ನಮ್ಮ ಸಂಘ-ಸಂಸ್ಥೆಗಳ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಆಗದು. ನಮ್ಮ ವಾರ್ಷಿಕೋತ್ಸವಗಳಲ್ಲಿ ಊಟ ಒಂದು ಗಂಟೆಗೆ ಎಂದು ಆಮಂತ್ರಣದಲ್ಲಿ ಅಚ್ಚಾಗಿರುತ್ತದೆ. ಶಾಲು, ಫಲಪುಷ್ಪ, ಅತಿಥಿಗಳ ಹಿತನುಡಿ ಮುಗಿಯುವಾಗ ಎರಡೂವರೆ. ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು ಬಂದವರಿಗೆ ಊಟ ತಡವಾದರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿದು ಬೆವರು, ನಡುಕ, ಕಣ್ಣು ಕತ್ತಲೆ. ಒಮ್ಮೆ ನನ್ನ ಪಕ್ಕದ ಕುರ್ಚಿಯಲ್ಲೇ ಹಿರಿಯರೊಬ್ಬರು ಹೀಗೆ ಕುಸಿದರು. ಪಾಪ, ಭಾಷಣ ಮುಗಿಯುವ ಮುಂಚೆ ಏಳುವುದು ಸರಿಯಲ್ಲವೆಂದು ಕುಳಿತೇ ಇದ್ದರು. ಅಂಥ ಹೊತ್ತಿಗೆ ಬಿಸ್ಕತ್ತು, ಚಾಕಲೇಟು ಹುಡುಕುತ್ತಾ ಕೂರಬಾರದು. ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ. ಲೋಕಲ್ ರೈಲು ನಡುದಾರಿಯಲ್ಲಿ ನಿಂತಾಗಲೂ ಇದೇ ಕಷ್ಟ. ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಇಟ್ಟುಕೊಳ್ಳದ ಮಧುಮೇಹಿ ಟಿಕೆಟಿಲ್ಲದೆ ರೈಲು ಹತ್ತಿದವನಂತೆ.

ನಮ್ಮ ಸಂಘದಲ್ಲಿ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯ ಎತ್ತಿದೆ. ಹಬ್ಬದೂಟದಲ್ಲಿ ಪಾಯಸ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಸಂಘವೇ ಎರಡಾದೀತು, ನಾನು ಆ ತಂಟೆಗೆ ಹೋಗಲಿಲ್ಲ. ಕೇಳಿದ್ದು ಇಷ್ಟೇ: ಸಕ್ಕರೆಯಿಲ್ಲದ ಚಹಾದ ಬೇರೆ ಫ್ಲಾಸ್ಕ್, ಎಲೆಗೆ ಮೊದಲು ಕೋಸಂಬರಿ ಮತ್ತು ಪಲ್ಯ ಧಾರಾಳವಾಗಿ, ಅನ್ನ ಕೇಳಿ ಬಡಿಸುವುದು, ಬಡಿಸುವವರು ಒತ್ತಾಯ ಮಾಡದಿರುವುದು. ಶಿಬಿರದ ಉಪಾಹಾರದಲ್ಲಿ ಶೀರಾದ ಬದಲು ಹೆಸರುಕಾಳಿನ ಉಸಲಿ. ಮೊದಲ ಮೂರಕ್ಕೆ ಒಪ್ಪಿಗೆ ಸಿಕ್ಕಿತು. "ಒತ್ತಾಯ ಮಾಡದೆ ಬಡಿಸುವುದು ನಮ್ಮ ಸಂಸ್ಕೃತಿಯಲ್ಲ" ಎಂದು ನಾಲ್ಕನೆಯದರ ಮೇಲೆ ಅರ್ಧ ಗಂಟೆ ಚರ್ಚೆಯಾಯಿತು. ಉಸಲಿ ಕಳೆದ ಶಿಬಿರದಲ್ಲಿ ಬಂದಿತ್ತು, ಪಕ್ಕದಲ್ಲಿ ಶೀರಾವೂ ಬಂದಿತ್ತು. ಯಾವ ಪಾತ್ರೆ ಮೊದಲು ಖಾಲಿಯಾಯಿತೆಂದು ಓದುಗರಿಗೆ ಹೇಳಬೇಕಾಗಿಲ್ಲ.

ಮೊನ್ನೆ ಭಾನುವಾರ ಡೊಂಬಿವಲಿಗೆ ಅಣ್ಣನ ಮನೆಗೆ ಹೋಗಿದ್ದೆ. ಊಟಕ್ಕೆ ಕುಳಿತಾಗ ಅತ್ತಿಗೆ ನಮ್ಮೊಂದಿಗೇ ಕುಳಿತರು. ಬಡಿಸಿದವನು ಅಣ್ಣ. ಮುಂಬಯಿಯ ಸಾವಿರಾರು ಗಿರಾಕಿಗಳಿಗೆ ಬಡಿಸಿದ ಕೈ ಅದು, ಆದರೆ ಮನೆಯಲ್ಲಿ ಸೌಟು ಹಿಡಿದದ್ದನ್ನು ನಾನು ನೋಡಿದ್ದು ಅಂದೇ. ಕುಂಟುತ್ತಾ ಬಂದು ಅತ್ತಿಗೆಯ ತಟ್ಟೆಗೆ ತೊಂಡೆಕಾಯಿ ಪಲ್ಯ, ಬಂಗುಡೆಯ ಎರಡು ತುಂಡು ಹಾಕಿ, ಅವರು ಅದನ್ನು ಮುಗಿಸುವವರೆಗೆ ಹೊಟೇಲಿನ ಶಿಸ್ತಿನಲ್ಲಿ ಕಾದು ನಿಂತು, ಆಮೇಲೆ ಒಂದು ಸೌಟು ಕುಚ್ಚಲಕ್ಕಿ ಅನ್ನ ಹಾಕಿದ. ತನ್ನ ತಟ್ಟೆಗೂ ಒಂದೇ. ನನ್ನ ಹತ್ತಿರ ಬಂದಾಗ ಹಳೆಯ ಅಭ್ಯಾಸ ಬಿಡಲಿಲ್ಲ: "ನಿನಗೆ ಇನ್ನೊಂದು ಸೌಟು ಹಾಕಲಾ?"

ಬೇಡ ಎನ್ನಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.